ಪಾದ್ರಿಗೆ ಊರ ಉಸಾಬರಿ ಯಾಕೆ?

'ಪಾದ್ರಿ ಪ್ರಾರ್ಥನೆ ಮಾಡಿಸಲಿ, ಮದುವೆ ಮಾಡಿಸಲಿ, ಸತ್ತವರನ್ನು ಮಣ್ಣು ಮಾಡಲಿ. ನಗರಸಭೆ, ಪೊಲೀಸು, ಬಸ್ಸು ಇವೆಲ್ಲ ಅವನಿಗ್ಯಾಕೆ?'

ಈ ಪ್ರಶ್ನೆ ಕೇಳುವ ಸಭ್ಯರನ್ನು ನಾವು ಚೆನ್ನಾಗಿ ಬಲ್ಲೆವು. ಗುರುವಾದವನು ದಣಿಯ ತೊಟ್ಟಿಮನೆಯಲ್ಲಿ ಕೂತು ಹಾಲು ಹಣ್ಣು ತಗೊಂಡು ಹರಸಿದರೆ ಅದು ಧರ್ಮ. ಮಂತ್ರಿಯ ತಲೆ ಮೇಲೆ ಕೈಯಿಟ್ಟರೂ ಧರ್ಮವೇ. ಅದೇ ಗುರು ಕೇರಿಯ ಜನರ ಜೊತೆ ಬೀದಿಗಿಳಿದರೆ ಮಾತ್ರ ರಾಜಕೀಯ! ಈ ನ್ಯಾಯ ನಮ್ಮ ದೇಶದ್ದು ಮಾತ್ರ ಅಲ್ಲ. ಅಮೆರಿಕದಲ್ಲೂ ಇದೇ ನಡೆದಿತ್ತು. ಅದನ್ನು ಧಿಕ್ಕರಿಸಿದ ಮಾರ್ಟಿನ್ ಲೂಥರ್ ಕಿಂಗ್ ಹೆಸರು ಎಲ್ಲರ ಬಾಯಲ್ಲಿದೆ. ಅವರಿಗಿಂತ ಮುಂಚೆ ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಏಟು ತಿಂದ ಪಾದ್ರಿ ಫ್ರೆಡ್ ಶಟಲ್ಸ್‌ವರ್ತ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ಕಬ್ಬಿಣ, ಉಕ್ಕಿನ ಊರು. ಅಲ್ಲಿ ಕರಿಯರಿಗೆ ಬಸ್ಸಿನಲ್ಲಿ ಹಿಂದಿನ ಸೀಟು, ಕುಡಿಯಲು ಬೇರೆ ನಲ್ಲಿ, ಓದಲು ಬೇರೆ ಶಾಲೆ. ಕರಿಯನೂ ಬಿಳಿಯನೂ ಒಟ್ಟಿಗೆ ಕೂತು ಇಸ್ಪೀಟಾಡಿದರೂ ಅಪರಾಧವೆಂದು ನಗರದ ಕಾನೂನೇ ಹೇಳುತ್ತಿತ್ತು. ಹೋಟೆಲಿನಲ್ಲಿ ಬೇರೆ ಲೋಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮನುಸ್ಮೃತಿ, ಅಲ್ಲಿ ಮುನಿಸಿಪಾಲಿಟಿ.

ಶಟಲ್ಸ್‌ವರ್ತ್ 1953ರಲ್ಲಿ ಅಲ್ಲಿನ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾದರು. 1955ರಲ್ಲಿ ಕರಿಯರನ್ನೂ ಪೊಲೀಸ್ ಕೆಲಸಕ್ಕೆ ತಗೊಳ್ಳಿ ಎಂದು ನಗರಾಡಳಿತಕ್ಕೆ ಅರ್ಜಿ ಕೊಟ್ಟರು. ಕೇಳಿದ್ದು ಸ್ವರ್ಗವನ್ನಲ್ಲ, ಒಂದು ನೌಕರಿಯನ್ನು. ಅದನ್ನೂ ಕೊಡಲಿಲ್ಲ. ಆ ಊರಿನ ಮೊದಲ ಕರಿಯ ಪೊಲೀಸು ಕೆಲಸಕ್ಕೆ ಸೇರಿದ್ದು 1966ರಲ್ಲಿ. ಒಂದು ಅರ್ಜಿಗೆ 11 ವರ್ಷ! ಆ 11 ವರ್ಷದಲ್ಲಿ ಏನೇನಾಯಿತು ನೋಡಿ.

1956ರ ಜೂನ್ 1ರಂದು ಕರಿಯರ ಹಳೆಯ ಸಂಘಟನೆ ಎನ್‌ಎಎಸಿಪಿ ಅಲಬಾಮದಲ್ಲಿ ಕೆಲಸ ಮಾಡಕೂಡದೆಂದು ನ್ಯಾಯಾಧೀಶನೊಬ್ಬ ತಡೆ ಹಾಕಿದ. ಜೂನ್ 5ಕ್ಕೇ ಶಟಲ್ಸ್‌ವರ್ತ್ ಮತ್ತು ಸಂಗಡಿಗರು ಮಾನವ ಹಕ್ಕುಗಳಿಗಾಗಿ ಹೊಸ ಸಂಘಟನೆ ಕಟ್ಟಿಬಿಟ್ಟರು. ಸೋಮವಾರ ರಾತ್ರಿ ಚರ್ಚುಗಳಲ್ಲಿ ಸಭೆ. ಹಾಡು, ಪ್ರಾರ್ಥನೆ, ಆಮೇಲೆ ಕೋರ್ಟು ಖರ್ಚಿಗೆ ಕಾಸು ಎತ್ತುವುದು. ಬಂದವರು ಹೆಚ್ಚಾಗಿ ದುಡಿಯುವ ಜನ, ಅವರಲ್ಲೂ ಹೆಂಗಸರು ಬಹಳ. ಪೊಲೀಸರೂ ಬಂದು ಕೂತು ಯಾರು ಏನಂದರು ಅಂತ ಬರೆದುಕೊಂಡು ಹೋಗುತ್ತಿದ್ದರು. ಈಗ ಹೇಳಿ, ಚರ್ಚಿನೊಳಕ್ಕೆ ರಾಜಕೀಯ ತಂದವರು ಯಾರು?

ಅದೇ ವರ್ಷದ ಕ್ರಿಸ್‌ಮಸ್ ರಾತ್ರಿ ಪಾದ್ರಿಯ ಮನೆಗೆ ಬಾಂಬು ಇಟ್ಟರು. ಮನೆ ಕುಸಿಯಿತು, ಮನುಷ್ಯ ಎದ್ದು ಬಂದ. ಮಾರನೆಯ ದಿನವೇ ಜನರನ್ನು ಕಟ್ಟಿಕೊಂಡು ಬಿಳಿಯರ ಸೀಟಿನಲ್ಲಿ ಕೂತರು. 1957ರ ಸೆಪ್ಟೆಂಬರ್ 9ರಂದು ಬಿಳಿಯರ ಫಿಲಿಪ್ಸ್ ಹೈಸ್ಕೂಲಿಗೆ ಹೆಣ್ಣುಮಕ್ಕಳನ್ನು ಸೇರಿಸಲು ಹೋದಾಗ ಗುಂಪೊಂದು ಅವರನ್ನು ಸರಪಳಿಯಿಂದ ಬಡಿಯಿತು. ಹೆಂಡತಿ ರೂಬಿಗೆ ಚೂರಿ ಬಿತ್ತು. ಊರ ಶಾಲೆಗೆ ಕೇರಿಯ ಮಕ್ಕಳ ಹೆಸರು ಬರೆಸಿದ ಮೇಷ್ಟ್ರುಗಳು ಇದನ್ನು ಓದಬೇಕು.

1962ರಲ್ಲಿ ಕರಿಯರು ಪೇಟೆಯ ಅಂಗಡಿಗಳನ್ನು ಬಹಿಷ್ಕರಿಸಿದರು. ನಮ್ಮಲ್ಲಿ ದಣಿಗಳು ಕೇರಿಗೆ ಬಹಿಷ್ಕಾರ ಹಾಕ್ತಾರೆ, ಅಲ್ಲಿ ಕೂಲಿಯವರೇ ಸಾಹುಕಾರರಿಗೆ ಹಾಕಿದರು. ಸೇಡಿಗೆ ನಗರಾಡಳಿತ ಬಡವರಿಗೆ ಆಹಾರ ಹಂಚುವ ಯೋಜನೆಗೆ ತನ್ನ ಪಾಲಿನ ದುಡ್ಡು ನಿಲ್ಲಿಸಿತು. ಕರಿಯರನ್ನೂ ಬಿಡಿ ಎಂದು ಕೋರ್ಟು ಹೇಳಿದ್ದಕ್ಕೆ ಊರಿನ ಉದ್ಯಾನಗಳಿಗೇ ಬೀಗ ಜಡಿಯಿತು. ತಾನು ಆಡದಿದ್ದರೂ ಸರಿ, ಇವರು ಆಡಬಾರದು! ಈ ದ್ವೇಷದ ಮುಂದಾಳು ಪೊಲೀಸು, ಅಗ್ನಿಶಾಮಕ ಎರಡನ್ನೂ ಕೈಲಿಟ್ಟುಕೊಂಡಿದ್ದ ಬುಲ್ ಕಾನರ್.

1963ರ ಏಪ್ರಿಲ್ 2ರಂದು ಮೇಯರ್ ಚುನಾವಣೆಯಲ್ಲಿ ಕಾನರ್ ಸೋತು ಆಲ್ಬರ್ಟ್ ಬೌಟ್‌ವೆಲ್ ಗೆದ್ದ. 'ಒಳ್ಳೆಯವನು ಬಂದಿದ್ದಾನೆ, ಸ್ವಲ್ಪ ಕಾಯಿರಿ' ಅಂದರು ಸಜ್ಜನರು. ಬೌಟ್‌ವೆಲ್ ಕೂಡ ವರ್ಣಭೇದದವನೇ, ಮಾತು ಮಾತ್ರ ಮೆದು. ಶಟಲ್ಸ್‌ವರ್ತ್ ಕರೆದಿದ್ದಕ್ಕೆ ಕಿಂಗ್ ಬಂದರು, ಮಾರನೆಯ ದಿನವೇ ಚಳವಳಿ ಶುರುವಾಯಿತು. ಏಪ್ರಿಲ್ 12ರಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಹೇಳಿಕೆ ಕೊಟ್ಟರು. ಇದು ವಿವೇಕವಲ್ಲ, ಇದು ಸಮಯವಲ್ಲ, ಕೋರ್ಟಿದೆ, ಮಾತುಕತೆಯಿದೆ, ಬೀದಿ ಬೇಡ ಅಂತ. ಕಿಂಗ್ ಜೈಲಿನಿಂದ ಬರೆದ ಪತ್ರ ಇವರಿಗೇ ಉತ್ತರ.

ಗೆಳೆಯರೇ, ಆ ಎಂಟು ಮಂದಿ ರಾಜಕೀಯ ಮಾಡಲಿಲ್ಲವೇ? ಬೀದಿಗೆ ಬರಬೇಡಿ ಎನ್ನುವುದೂ ನಗರ ರಾಜಕೀಯವೇ. ಬಾಯಿ ಮುಚ್ಚಿಕೊಂಡ ಪೀಠವೂ ಒಂದು ಪಕ್ಷವೇ. ಹಾಗಂತ ಅದು ಬಿಳಿಯರ ಪಾಪ ಮಾತ್ರ ಅಂತ ಕೈತೊಳೆದುಕೊಳ್ಳಬೇಡಿ. ಊರಿನ ಕರಿಯ ಪಾದ್ರಿಗಳಲ್ಲೂ ಬಹುಮಂದಿ ದೂರವೇ ನಿಂತರು.

ಮೇ 2ರಿಂದ ಮಕ್ಕಳು ಮೆರವಣಿಗೆ ಹೊರಟರು. ಕಾನರ್ ನಾಯಿ ಬಿಡಿಸಿದ, ಅಗ್ನಿಶಾಮಕದ ಪೈಪು ಹಿಡಿಸಿದ. ಮೇ 7ರಂದು ಆ ನೀರಿನ ಹೊಡೆತಕ್ಕೆ ಶಟಲ್ಸ್‌ವರ್ತ್ ಆಸ್ಪತ್ರೆ ಸೇರಿದರು. ಅವರನ್ನು ಕೇಳದೆ ಚಳವಳಿಗೆ ತಡೆ ಕೊಡಲು ನಾಯಕರು ಒಪ್ಪಿದಾಗ ಆಸ್ಪತ್ರೆಯಿಂದ ಎದ್ದು ಬಂದು ಕಿಂಗ್ ಜೊತೆಗೇ ಜಗಳಕ್ಕೆ ನಿಂತರು. ಏಟು ತಿಂದವರನ್ನು ಹೊರಗಿಟ್ಟು ಆಗುವ ರಾಜಿ ಯಾರ ರಾಜಿ? ಮೇ 10ರ ಒಪ್ಪಂದದಲ್ಲಿ ಅಂಗಡಿಗಳ ಊಟದ ಕಟ್ಟೆ, ಕುಡಿಯುವ ನೀರು, ಶೌಚಾಲಯ ಎಲ್ಲರಿಗೂ ತೆರೆಯುವ ಮಾತಾಯಿತು. ಸೆಪ್ಟೆಂಬರ್ 15ರಂದು 16ನೇ ಬೀದಿಯ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಆ ನೀರಿಗೆ ಇಂಥ ಬೆಲೆ.

ಶಟಲ್ಸ್‌ವರ್ತ್ ದೇವತೆಯಲ್ಲ. ತನ್ನ ಮಾತೇ ನಡೆಯಬೇಕೆನ್ನುವ ಹಟ ಅವರಿಗಿತ್ತು. ಕಾಸು ಕೂಡಿಸಿ ಸಭೆ ತುಂಬಿಸಿದ ಹೆಂಗಸರಿಗೆ ವೇದಿಕೆಯ ಮೇಲೆ ಸಿಕ್ಕ ಜಾಗ ಕಡಿಮೆ. ಪಾದ್ರಿಯನ್ನು ಪೂಜಿಸಲು ಇದನ್ನು ಬರೆಯುತ್ತಿಲ್ಲ. ಗುರುಪೂಜೆಯಿಂದ ನಮ್ಮ ಜನ ಕೆಟ್ಟದ್ದು ಸಾಕು. 2008ರಲ್ಲಿ ಆ ಊರು ತನ್ನ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಟ್ಟಿತು, 2011ರಲ್ಲಿ ಅವರು ತೀರಿಕೊಂಡರು. ಬದುಕಿದ್ದಾಗ ಬಾಂಬು, ಮುಪ್ಪಿನಲ್ಲಿ ಬೋರ್ಡು. ನಮ್ಮ ಅಂಬೇಡ್ಕರರನ್ನೂ ಪ್ರತಿಮೆಯಾದ ಮೇಲೆ ತಾನೇ ಎಲ್ಲರೂ ಒಪ್ಪಿದ್ದು?

1959ರಲ್ಲಿ ಕಿಂಗ್ ಕೇರಳದ ಶಾಲೆಯೊಂದಕ್ಕೆ ಹೋದಾಗ, ಇವರು ಅಮೆರಿಕದ ಅಸ್ಪೃಶ್ಯರು ಎಂದು ಮಕ್ಕಳಿಗೆ ಪರಿಚಯ ಮಾಡಿಕೊಟ್ಟರಂತೆ. ಮೊದಲು ಬೆಚ್ಚಿದರೂ ಯೋಚಿಸಿ ನೋಡಿ ಹೌದು ಅಂದುಕೊಂಡರು. ಹಾಗಾದರೆ ಇಲ್ಲಿನ ಪಾದ್ರಿ, ಸ್ವಾಮಿ, ಮೌಲ್ವಿ ತಮ್ಮನ್ನು ಏನೆಂದುಕೊಂಡಿದ್ದಾರೆ? ಪೀಠದಲ್ಲಿರುವವರು ರಾಜಕೀಯ ಮಾಡಬಹುದೋ ಬಾರದೋ ಅಂತ ಚರ್ಚೆ ಮಾಡುತ್ತಾ ಕೂರಬೇಡಿ. ಅವರು ಮಾಡುತ್ತಲೇ ಇದ್ದಾರೆ. ಕೇರಿಗೆ ನೀರು ಬಿಡದ ದಿನ, ಹೆಣ ಹೂಳಲು ಜಾಗ ಕೊಡದ ದಿನ, ಹಾಸ್ಟೆಲಿನ ಹುಡುಗ ಹಸಿದ ದಿನ ನೀವು ಎಲ್ಲಿದ್ದಿರಿ, ಯಾರ ಜೊತೆಗಿದ್ದಿರಿ ಅಂತ ಅವರ ಎದುರೇ ನಿಂತು ಕೇಳಿ. ಉತ್ತರ ಬರುವ ತನಕ ಅವರ ಪಾದಕ್ಕೆ ಬಗ್ಗಬೇಡಿ.