ಹಲಸಿನಹಣ್ಣು ತಟ್ಟಿದ ಹಾಗೆ

ಗುರುವಾರ ರಾತ್ರಿ ಹನ್ನೊಂದೂವರೆ. ಮಲಗೋಣ ಅಂತ ದೀಪ ಆರಿಸಿದ್ದೆ, ಫೋನು ಅರಚಿಕೊಳ್ಳೋಕೆ ಶುರು ಮಾಡಿತು. ಆಫೀಸಿನ ಸರ್ವರ್ ಮತ್ತೆ ಬಿತ್ತು ಅಂತ ಬೈಕೊಂಡು ನೋಡಿದರೆ ಭೂಕಂಪದ ಎಚ್ಚರಿಕೆ! ಓದಿ ಮುಗಿಸೋ ಹೊತ್ತಿಗೆ ಮಂಚ ಅಲ್ಲಾಡಿತು, ಅಡುಗೆಮನೆಯಲ್ಲಿ ಲೋಟಗಳು ಗಲಗಲ ಅಂದವು. ಹತ್ತು ಸೆಕೆಂಡು ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಇದೇನು ಹೊಸದಲ್ಲ ಅಂತ ಎಲ್ಲರಿಗೂ ಹೇಳ್ತಾ ಇರ್ತೀನಿ. ಆ ಹತ್ತು ಸೆಕೆಂಡು ಮಾತ್ರ ಮೇಜಿನ ಕೆಳಗಿದ್ದೆ :-)

ಊರಲ್ಲಿ ಆಗ ಮಧ್ಯಾಹ್ನ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಹೇಳಬಾರದಿತ್ತು. "ಐದು ಸೆಕೆಂಡು ಮುಂಚೆ ಗೊತ್ತಾಗುತ್ತೆ ಅಂದ್ರೆ, ಹಿಂದಿನ ದಿನವೇ ಹೇಳೋಕೆ ಏನು ರೋಗ ಅವರಿಗೆ?" ಅಂದಳು.

ಫೋನಿಗೆ ಗೊತ್ತಾಗಿದ್ದು ಭವಿಷ್ಯ ಅಲ್ಲ. ಭೂಕಂಪದಿಂದ ಎರಡು ಬಗೆಯ ಅಲೆಗಳು ಹೊರಡ್ತವೆ. ಪಿ ಅಲೆ ಮುಂದಕ್ಕೆ ತಳ್ಳುತ್ತಾ ಓಡುತ್ತೆ, ಅದು ಸೌಮ್ಯ. ಅಡ್ಡಡ್ಡ ಕುಲುಕೋ ಎಸ್ ಅಲೆ ಹಿಂದೆ ಬರುತ್ತೆ, ಮನೆ ಬೀಳಿಸೋದು ಹೆಚ್ಚಾಗಿ ಅದು ಮತ್ತು ಅದರ ಹಿಂದಿನ ಮೇಲ್ಮೈ ಅಲೆಗಳು. ಹತ್ತಿರದ ಯಂತ್ರಗಳು ಪಿ ಹಿಡಿದ ತಕ್ಷಣ ನೆಟ್‌ವರ್ಕಿನಲ್ಲಿ ಸುದ್ದಿ ಹೊರಡುತ್ತೆ. ಅಷ್ಟೇ.

ಈ ಅಲೆಗಳನ್ನು ದಾಖಲೆಗಳಲ್ಲಿ ಬೇರೆಬೇರೆಯಾಗಿ ಗುರುತಿಸಿದ್ದು ರಿಚರ್ಡ್ ಓಲ್ಡ್‌ಹ್ಯಾಮ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಬ್ರಿಟಿಷ್ ವಿಜ್ಞಾನಿ. 1897ರ ಅಸ್ಸಾಂ ಭೂಕಂಪದ ಅಧ್ಯಯನ ಅದಕ್ಕೆ ದಾರಿಯಾಯಿತು. ತುಂಬ ಆಳಕ್ಕೆ ಹೋಗಿ ಬಂದ ಅಲೆಗಳು ಲೆಕ್ಕಕ್ಕಿಂತ ತಡವಾಗಿ ಬರ್ತಿವೆ, ಹಾಗಾಗಿ ಒಳಗೆ ಬೇರೆಯದೇ ಒಂದು ತಿರುಳಿದೆ ಅಂತ 1906ರಲ್ಲಿ ಹೇಳಿದ್ದೂ ಅವನೇ.

ಯೋಚನೆ ಮಾಡಿ, ಭೂಮಿಯ ಕೇಂದ್ರ 6371 ಕಿ.ಮೀ. ಕೆಳಗಿದೆ. ರಷ್ಯಾದವರು ಕೋಲಾ ಅನ್ನೋ ಕಡೆ ವರ್ಷಗಟ್ಟಲೆ ಕೊರೆದು 1989ರಲ್ಲಿ ಮುಟ್ಟಿದ್ದು 12,262 ಮೀಟರ್. ಅಲ್ಲಿಗೇ 180 ಡಿಗ್ರಿ ಬಿಸಿ, ಕಲ್ಲು ಕೊರೆಯೋದೇ ಕಷ್ಟವಾಯ್ತು. ಹಲಸಿನಹಣ್ಣಿನ ಸಿಪ್ಪೆಯ ಮುಳ್ಳನ್ನೂ ದಾಟಿಲ್ಲ ಅನ್ನಿ. ಕೊಯ್ಯದೇ ಒಳಗಿನದ್ದು ತಿಳೀಬೇಕಂದ್ರೆ ತಟ್ಟಿ ನೋಡಬೇಕು. ತೂಬಗೆರೆ ಹಲಸು ತಂದಾಗ ನಮ್ಮಜ್ಜಿ ಬೆರಳಲ್ಲಿ ತಟ್ಟಿ, ಕಿವಿಯಿಟ್ಟು, "ಇನ್ನೆರಡು ದಿನ ಬಿಡ್ರೋ" ಅನ್ನೋಳು. ಭೂಮಿಯನ್ನ ತಟ್ಟೋದು ಭೂಕಂಪ, ಕೇಳೋದು ನಾವು.

ಹಾಗೆ ಕೇಳಿದವರಲ್ಲಿ ನನಗೆ ತುಂಬ ಇಷ್ಟ ಡೆನ್ಮಾರ್ಕಿನ ಇಂಗೆ ಲೇಮನ್. 1929ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಮರ್ಚಿಸನ್ ಹತ್ತಿರ ದೊಡ್ಡ ಭೂಕಂಪವಾಗಿ 17 ಜನ ಸತ್ತರು. ಅದರ ಅಲೆಗಳು ಭೂಮಿಯ ಇನ್ನೊಂದು ಬದಿಯಲ್ಲಿ ದಾಖಲಾದವು. ದ್ರವದ ತಿರುಳು ಅಲೆಗಳನ್ನು ಬಗ್ಗಿಸೋದರಿಂದ ಕೆಲವು ಜಾಗಗಳಿಗೆ ಪಿ ಅಲೆ ಮುಟ್ಟಲೇಬಾರದು, ಅದೊಂಥರ ನೆರಳು. ಆದರೆ ಆ ನೆರಳಿನಲ್ಲಿದ್ದ ಸೋವಿಯತ್ ಕೇಂದ್ರಗಳಲ್ಲಿ ಸಣ್ಣ ಸಣ್ಣ ಗೆರೆಗಳು ಬಂದಿದ್ದವು. ಯಂತ್ರದ ದೋಷ ಅಂತ ಬಿಟ್ಟುಬಿಡಬಹುದಿತ್ತು. ನಾನಾಗಿದ್ದರೆ ಬಿಟ್ಟಿರ್ತಿದ್ದೆ, ಲಾಗ್ ಫೈಲಿನಲ್ಲಿ ಅರ್ಥವಾಗದ ಸಾಲು ಕಂಡರೆ ನಾವು ಮಾಡೋದೇ ಅದು.

ಈಕೆ ಬಿಡಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ. ತೋಟದ ಹುಲ್ಲಿನ ಮೇಲೆ ಮೇಜು ಹಾಕಿಕೊಂಡು, ಒಂದೊಂದು ಭೂಕಂಪದ ವಿವರವನ್ನೂ ರಟ್ಟಿನ ಚೀಟಿಯಲ್ಲಿ ಬರೆದು, ಓಟ್ಸಿನ ಖಾಲಿ ಡಬ್ಬಗಳಲ್ಲಿ ಜೋಡಿಸಿಟ್ಟುಕೊಂಡು ಕೂರ್ತಿದ್ದಳಂತೆ. ಅವಳ ಡೇಟಾಬೇಸ್ ಅದು! 1936ರಲ್ಲಿ ಪ್ರಕಟಿಸಿದಳು: ತಿರುಳಿನೊಳಗೆ ಇನ್ನೊಂದು ತಿರುಳಿದೆ, ಅಲೆಗಳು ಅದರಿಂದ ತಿರುಗಿ ಬರ್ತಿವೆ. ಪ್ರಬಂಧದ ಹೆಸರು ಬರೀ ಒಂದು ಅಕ್ಷರ, 'ಪಿ', ಮೇಲೊಂದು ಗೀಟು. ಅದು ಘನ ಅಂತ ಖಚಿತವಾಗಿದ್ದು ಮಾತ್ರ 1971ರಲ್ಲಿ. ಅದನ್ನೂ ನೋಡಿ, 1993ರಲ್ಲಿ ತೀರಿಕೊಂಡಾಗ ಆಕೆಗೆ 104 ವರ್ಷ.

ಸುಮಾರು 454 ಕೋಟಿ ವರ್ಷಗಳ ಹಿಂದೆ ಭೂಮಿ ಹುಟ್ಟಿ, ಕಾದು ಕರಗಿದ್ದಾಗ ಭಾರವಾದ ಕಬ್ಬಿಣ ಕೆಳಗಿಳಿಯಿತು, ಹಗುರ ಕಲ್ಲು ಮೇಲೆ ಉಳಿಯಿತು. ಆ ಕಬ್ಬಿಣದ ಒಳಭಾಗ ಕಾಲಾಂತರದಲ್ಲಿ ಗಟ್ಟಿಯಾಗಿ, 5150 ಕಿ.ಮೀ. ಆಳದಲ್ಲಿ ಲೇಮನ್ ಕಂಡ ಗುಂಡಾಗಿದೆ.

ಇದನ್ನೆಲ್ಲ ಅಮ್ಮನಿಗೂ ಹೇಳಿದೆ. ನಮ್ಮ ಪಕ್ಕದ ಗೌರಿಬಿದನೂರಿನಲ್ಲೇ 1965ರಿಂದ ಕಂಪನ ಕೇಳೋ ಕೇಂದ್ರ ಇದೆ, ಅಣುಬಾಂಬ್ ಪರೀಕ್ಷೆ ಪತ್ತೆಗೆ ಅಂತ ಶುರು ಮಾಡಿದ್ದು, ದೂರದೂರದ ಭೂಕಂಪ ಅಲ್ಲಿಗೂ ಕೇಳುತ್ತೆ ಅಂದೆ.

"ಸರಿ, ಮುಂದಿಂದು ಯಾವಾಗ ಬರುತ್ತೆ ಅಂತ ಹೇಳ್ತಾರಾ?"

"ಇಲ್ಲಮ್ಮ, ಅದು ಯಾರಿಗೂ ಆಗಿಲ್ಲ."

"ಪಾತಾಳದಲ್ಲಿರೋದು ಗೊತ್ತು, ನಿನ್ನ ಮಂಚ ಯಾವಾಗ ಅಲ್ಲಾಡುತ್ತೆ ಅಂತ ಗೊತ್ತಿಲ್ಲ. ಆ ಪುಸ್ತಕದ ಬೀರು ತಲೆದಿಂಬಿನ ಪಕ್ಕದಲ್ಲೇ ಇದೆಯೇನೋ ಇನ್ನೂ?"

ಇದೆ. ಎರಡು ವರ್ಷದಿಂದ ಅದನ್ನ ಗೋಡೆಗೆ ಬಿಗಿಸಬೇಕು ಅಂತಿದ್ದೀನಿ. ಶನಿವಾರ ಸ್ಕ್ರೂ ತರ್ತೀನಿ ಅಂತ ಮಾತು ಕೊಟ್ಟಾಯ್ತು.