ನೀರು ಕುಡಿಯದಿರುವುದು ಉಪಾಯವಲ್ಲ

ತಣ್ಣನೆಯ ಕಡಲಿಗಿಳಿಯುವ ಮುಳುಗು ತಜ್ಞರು ಡ್ರೈಸೂಟ್ ಎಂಬ, ನೀರು ಒಳಗೆ ಬಾರದ ಉಡುಪು ತೊಡುತ್ತಾರೆ. ತೊಟ್ಟ ಮೇಲೆ ಮೂತ್ರಕ್ಕೆ ಹೋಗುವುದು ಕಷ್ಟ. ಅದಕ್ಕೇ ಕೆಲವರು ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಆದರೆ ನೀರಿಗಿಳಿದಾಗ ಕೈಕಾಲಿನ ರಕ್ತ ಎದೆಯತ್ತ ಸರಿಯುತ್ತದೆ. ರಕ್ತ ಹೆಚ್ಚಾಯಿತೆಂದು ದೇಹ ಮೂತ್ರವನ್ನು ಹೆಚ್ಚಿಸುತ್ತದೆ. ಚಳಿಯೂ ಅದಕ್ಕೆ ಸೇರುತ್ತದೆ. ಕುಡಿಯದಿದ್ದರೂ ಮೂತ್ರ ಬರುತ್ತದೆ, ಮೈಯ ನೀರು ಮಾತ್ರ ಬತ್ತುತ್ತದೆ. ಆಗ, ಮೇಲೆ ಬರುವಾಗ ರಕ್ತದಲ್ಲಿ ಗುಳ್ಳೆಯೇಳುವ ಕಾಯಿಲೆಯ ಅಪಾಯ ಹೆಚ್ಚಬಹುದು. ಬಲ್ಲವರು ನೀರು ಕುಡಿದೇ ಇಳಿಯುತ್ತಾರೆ: ದೊಡ್ಡವರ ಡಯಾಪರ್ ಹಾಕಿಕೊಳ್ಳುತ್ತಾರೆ, ಇಲ್ಲವೇ ಮೂತ್ರ ಹೊರಬಿಡುವ ಪಿ-ವಾಲ್ವ್ ಜೋಡಿಸಿಕೊಳ್ಳುತ್ತಾರೆ. ದೇಹವನ್ನು ದಂಡಿಸದೆ ಉಡುಪನ್ನೇ ಸರಿಪಡಿಸುವ ಬುದ್ಧಿ ಇದು.

ನಮ್ಮ ಶಾಲೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಶೌಚಾಲಯಕ್ಕೆ ಹೆದರಿ ಎಷ್ಟೋ ಹೆಣ್ಣುಮಕ್ಕಳು ಸಂಜೆಯವರೆಗೆ ನೀರು ಮುಟ್ಟುವುದಿಲ್ಲ. ತುಂಬಿದ ಬಾಟಲಿ ತುಂಬಿದಂತೆಯೇ ಮನೆಗೆ ಮರಳುತ್ತದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲು ಗಂಟೆ ಬಾರಿಸುವ ಕ್ರಮ ಬಂತು. ಒಳ್ಳೆಯದೇ. ಆದರೆ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ ಎಂದಾದರೆ ಗಂಟೆ ಹೊಡೆದು ಏನು ಪ್ರಯೋಜನ? ಹೆತ್ತವರೇ, ಮುಂದಿನ ಪಿ.ಟಿ.ಎ. ಸಭೆಯಲ್ಲಿ ವಾರ್ಷಿಕೋತ್ಸವಕ್ಕಿಂತ ಮೊದಲು ಚಿಲಕದ ಮಾತಾಡೋಣ.