ಇ-ಸಿಮ್ ಬೇಡ ಎನ್ನುವವರಿಗೆ

ಇ-ಸಿಮ್ ಹಾಕಿಸಿಕೊಂಡರೆ ಬ್ಯಾಂಕ್ ಖಾತೆ ರಾತ್ರೋರಾತ್ರಿ ಬರಿದಾಗುತ್ತದಂತೆ. ಫೋನ್ ಕೆಟ್ಟರೆ ನಂಬರೂ ಹೋದ ಹಾಗೆಯೇ ಅಂತೆ. ಒಮ್ಮೆ ಹಾಕಿಸಿಕೊಂಡರೆ ಕಂಪನಿಯ ಗೂಟಕ್ಕೆ ಕಟ್ಟಿಸಿಕೊಂಡಂತೆ. ಅಷ್ಟಕ್ಕೂ ಇದೆಲ್ಲ ಐಫೋನಿನವರ ಶೋಕಿ. ಇ-ಸಿಮ್ ಮಾತೆತ್ತಿದರೆ ಸಾಕು, ಈ ನಾಲ್ಕು ದೂರುಗಳು ಕೇಳಿಬರುತ್ತವೆ. ವಾಟ್ಸ್‌ಆ್ಯಪ್‌ನಲ್ಲಾದರೆ ಕೊನೆಗೆ 'ಎಲ್ಲರಿಗೂ ಕಳಿಸಿ' ಎಂಬ ಅಪ್ಪಣೆಯೂ ಇರುತ್ತದೆ. ಕಳಿಸುವ ಮುನ್ನ ಒಂದೊಂದನ್ನೂ ಸ್ವಲ್ಪ ಒರೆಗೆ ಹಚ್ಚೋಣ. ಇವುಗಳಲ್ಲಿ ಒಂದರಲ್ಲಿ ಹುರುಳಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಹಣದ ಭಯ. ಇ-ಸಿಮ್ ಹೆಸರಿನ ವಂಚನೆ ಕಟ್ಟುಕಥೆಯೇನಲ್ಲ. 2020ರಲ್ಲಿ ಹೈದರಾಬಾದ್ ಕಡೆ ಇಂಥ ಪ್ರಕರಣಗಳು ಬೆಳಕಿಗೆ ಬಂದವು. 2025ರಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೂ ಎಚ್ಚರಿಸಿತು. ಆದರೆ ಅದು ನಡೆಯುವ ಬಗೆ ನೋಡಿ. ನಿಮ್ಮ ಸಿಮ್ ಬ್ಲಾಕ್ ಆಗುತ್ತದೆ, ಕೆವೈಸಿ ಮಾಡಿಸಿ ಎಂದು ಒಂದು ಸಂದೇಶ. ಹಿಂದೆಯೇ 'ಕಸ್ಟಮರ್ ಕೇರ್‌'ನವನ ಫೋನು. ಅವನು ಹೇಳಿಕೊಟ್ಟ ಇಮೇಲ್ ವಿಳಾಸವನ್ನು ಚಂದಾದಾರರೇ ತಮ್ಮ ಕೈಯಾರೆ ಕಂಪನಿಗೆ ಎಸ್ಸೆಮ್ಮೆಸ್ ಮಾಡುತ್ತಾರೆ. ಆಮೇಲೆ ಅವನು ಹೇಳಿದಂತೆಯೇ ಇ-ಸಿಮ್ ಕೋರಿಕೆಯನ್ನೂ ಕಳಿಸುತ್ತಾರೆ. ಇ-ಸಿಮ್ ಹಾಕಿಕೊಳ್ಳಲು ಬೇಕಾದ ಕ್ಯೂಆರ್ ಕೋಡ್ ಕಳ್ಳನ ಇಮೇಲಿಗೆ ಹೋಗುತ್ತದೆ, ಇವರ ಫೋನಿನಲ್ಲಿ ನೆಟ್‌ವರ್ಕ್ ಮಾಯ. ಇಡೀ ಕಥೆಯಲ್ಲಿ ಯಾರೂ ಚಿಪ್ ಒಡೆಯಲಿಲ್ಲ. ಕಳ್ಳ ಒಳಗೆ ಬಂದದ್ದು ಮಾತಿನಿಂದ.

ಹಾಗಾದರೆ ಪ್ಲಾಸ್ಟಿಕ್ ಸಿಮ್ ಸುರಕ್ಷಿತವೇ? 2018ರ ಡಿಸೆಂಬರ್ ಕೊನೆಯಲ್ಲಿ ಮುಂಬೈನ ಮಾಹಿಮ್‌ನ ಬಟ್ಟೆ ವ್ಯಾಪಾರಿಯೊಬ್ಬರಿಗೆ ನಡುರಾತ್ರಿ ಆರು ಮಿಸ್ಡ್ ಕಾಲ್ ಬಂದಿದ್ದವು. ಅವರ ಸಿಮ್ ಅನ್ನು ಬೇರೆ ಯಾರೋ ಬದಲಾಯಿಸಿಕೊಂಡಾಗಿತ್ತು. ಖಾತೆಯಿಂದ 1.86 ಕೋಟಿ ರೂಪಾಯಿ ಹೋಯಿತು. ನಕಲಿ ದಾಖಲೆ ತೋರಿಸಿ ಅಂಗಡಿಯಲ್ಲಿ ಡುಪ್ಲಿಕೇಟ್ ಸಿಮ್ ಪಡೆಯುವ ದಂಧೆ ಇ-ಸಿಮ್‌ಗಿಂತ ಹಳೆಯದು.

ಇನ್ನು ಜೇಬುಗಳ್ಳತನ. ಮೆಜೆಸ್ಟಿಕ್‌ನ ಬಸ್ ನೂಕುನುಗ್ಗಲಿನಲ್ಲಿ ಫೋನ್ ಹೋಯಿತು ಅನ್ನಿ. ಪರದೆಗೆ ನೀವು ಎಂಥ ಬೀಗ ಹಾಕಿದ್ದರೂ ಕಳ್ಳನಿಗೆ ಅದರ ಹಂಗಿಲ್ಲ. ಗುಂಡುಪಿನ್ನಿನಿಂದ ಟ್ರೇ ಎಳೆದು, ಸಿಮ್ಮನ್ನು ತನ್ನ ಫೋನಿಗೆ ಹಾಕಿದರೆ ನಿಮ್ಮ ಓಟಿಪಿಗಳು ಅವನ ಕೈಗೆ. ಸಿಮ್ ಪಿನ್ ಹಾಕಿಟ್ಟವರಿಗೆ ಈ ಭಯವಿಲ್ಲ, ಆದರೆ ಹಾಕಿಟ್ಟವರು ಎಷ್ಟು ಜನ? ಇ-ಸಿಮ್ ಇರುವುದು ಫೋನಿನ ಬೋರ್ಡಿಗೆ ಬೆಸೆದ ಚಿಪ್‌ನಲ್ಲಿ. ಎಳೆಯಲು ಅಲ್ಲಿ ಏನೂ ಇಲ್ಲ.

'ಫೋನ್ ಕೆಟ್ಟರೆ ಏನು ಗತಿ?' ಹುರುಳಿದೆ ಎಂದದ್ದು ಈ ಪ್ರಶ್ನೆಯಲ್ಲಿ. ಮಳೆಗಾಲದ ಮಲೆನಾಡಿನಲ್ಲಿ ಫೋನ್ ನೀರು ಕುಡಿದು ಸತ್ತರೆ ಪ್ಲಾಸ್ಟಿಕ್ ಸಿಮ್ಮನ್ನು ಒರೆಸಿ ಮನೆಯ ಕೀಪ್ಯಾಡ್ ಫೋನಿಗೆ ಹಾಕಬಹುದು; ಎರಡು ನಿಮಿಷದಲ್ಲಿ ನಂಬರ್ ಜೀವಂತ. ಇ-ಸಿಮ್‌ನವರು ಆಧಾರ್ ಹಿಡಿದು ಪೇಟೆಯ ಮಳಿಗೆಗೆ ಹೋಗಬೇಕು. ನಮ್ಮ ಕಂಪನಿಗಳು ಕೊಡುವ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲದ ಬಳಕೆಗೆ. ಫೋನ್ ಬದಲಾದರೆ ಹೊಸದನ್ನು ಕೇಳಬೇಕು. ಸೆಟ್ಟಿಂಗ್ಸ್‌ನಲ್ಲಿ 'ಆಫ್' ಮಾಡುವ ಬದಲು ಕೈತಪ್ಪಿ 'ಡಿಲೀಟ್' ಒತ್ತಿದವರಿಗೂ ಇದೇ ಗತಿ. ಆದ್ದರಿಂದ ಹಳ್ಳಿಯ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇ-ಸಿಮ್ ಮಾಡಿಸಿ ಎಂದು ನಾನಂತೂ ಹೇಳುವುದಿಲ್ಲ. ಉಳಿದವರಿಗೆ ದಾರಿ ಇದೆ. ಇ-ಸಿಮ್ ಇರುವ ಫೋನುಗಳಲ್ಲಿ ಬಹುಪಾಲಿಗೆ ಪ್ಲಾಸ್ಟಿಕ್ ಸಿಮ್‌ನ ಜಾಗವೂ ಇರುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರ್ ಇ-ಸಿಮ್‌ನಲ್ಲಿರಲಿ, ಎರಡನೆಯದು ಟ್ರೇಯಲ್ಲಿರಲಿ.

ಗೂಟದ ಮಾತಿಗೆ ಉತ್ತರ ಚಿಕ್ಕದು. ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವ ಹಕ್ಕು 2011ರಿಂದ ದೇಶದುದ್ದಕ್ಕೂ ಇದೆ. 1900ಕ್ಕೆ ಎಸ್ಸೆಮ್ಮೆಸ್ ಕಳಿಸುವ ಅದೇ ಕ್ರಮ ಇ-ಸಿಮ್‌ಗೂ ಸಾಕು. 2024ರ ಜುಲೈ 1ರಿಂದ, ಸಿಮ್ ಬದಲಾದ ಮೇಲೆ ಏಳು ದಿನ ಪೋರ್ಟ್ ಮಾಡುವಂತಿಲ್ಲ, ಅಷ್ಟೆ. ಅದೂ ಕಳ್ಳರ ಕೈ ಕಟ್ಟಲು ಮಾಡಿದ ನಿಯಮ. ಶೋಕಿಯ ಮಾತೂ ಹಳತಾಯಿತು. ಇ-ಸಿಮ್ ಇದ್ದ ಮೊದಲ ಫೋನು ಐಫೋನ್ ಅಲ್ಲ, 2017ರ ಗೂಗಲ್ ಪಿಕ್ಸೆಲ್ 2. ಜಿಯೋ, ಏರ್‌ಟೆಲ್, ವಿ ಕಂಪನಿಗಳ ಹಿಂದೆಯೇ 2025ರಲ್ಲಿ ಬಿಎಸ್ಸೆನ್ನೆಲ್ ಕೂಡ ಇ-ಸಿಮ್ ಕೊಡತೊಡಗಿತು. ಅಗ್ಗದ ಫೋನುಗಳಲ್ಲಿ ಇನ್ನೂ ಅಪರೂಪ ಎಂಬುದು ನಿಜ; ಇದಕ್ಕಾಗಿ ಹೊಸ ಫೋನ್ ಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ.

ವಿಚಿತ್ರವೆಂದರೆ, ನಿಜವಾಗಿ ಬಯ್ಯಬೇಕಾದದ್ದನ್ನು ವಿರೋಧಿಗಳು ಬಯ್ಯುವುದೇ ಇಲ್ಲ. ಅದು ಹಾಕಿಸಿಕೊಳ್ಳುವ ಗೋಜಲು. *#06# ಒತ್ತಿದರೆ ಇಐಡಿ ಎಂಬ 32 ಅಂಕಿಗಳ ಸಾಲು ಕಾಣುತ್ತದೆ. ಜಿಯೋದಲ್ಲಿ ಎಸ್ಸೆಮ್ಮೆಸ್ ದಾರಿ ಹಿಡಿದರೆ ಅದನ್ನೂ 15 ಅಂಕಿಗಳ ಐಎಂಇಐ ಅನ್ನೂ ತಪ್ಪಿಲ್ಲದೆ ಟೈಪ್ ಮಾಡಿ 199ಕ್ಕೆ ಕಳಿಸಬೇಕು, ಬದಲಿಗೆ ಬರುವ 19 ಅಂಕಿಗಳನ್ನು ಮತ್ತೆ ಕಳಿಸಬೇಕು. ಇಮೇಲಿಗೆ ಕ್ಯೂಆರ್ ಕೋಡ್ ಕಳಿಸುವ ಕ್ರಮದಲ್ಲಿ ಇನ್ನೊಂದು ತಮಾಷೆ: ಕೋಡ್ ಬಂದು ಕೂರುವುದು ಯಾವ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಬೇಕೋ ಅದೇ ಫೋನಿನಲ್ಲಿ! ಲ್ಯಾಪ್‌ಟಾಪಿನಲ್ಲೋ ಮನೆಯವರ ಫೋನಿನಲ್ಲೋ ತೆರೆದು ಹಿಡಿಯಬೇಕು. ಹೊಸ ಐಫೋನುಗಳಲ್ಲಿ ಆ ಚಿತ್ರವನ್ನು ಒತ್ತಿ ಹಿಡಿದರೂ ಸಾಕು. ಹಳೆಯ ಸಿಮ್ ನಡುವೆ ಸತ್ತುಹೋಗುವುದರಿಂದ ವೈಫೈ ಇಲ್ಲದ ಕಡೆ ಈ ಕೆಲಸಕ್ಕೆ ಕೈಹಾಕಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ತಡೆಯುವ ನಿಯಮವೂ ಇದೆ. ಆ ದಿನ ಓಟಿಪಿ ಬೇಡುವ ಕೆಲಸ ಇಟ್ಟುಕೊಳ್ಳಬೇಡಿ.

ಇ-ಸಿಮ್ ಬೇಕೆನಿಸಿದರೆ ಕೋರಿಕೆ ನಿಮ್ಮಿಂದ ಹೊರಡಲಿ, ಕಂಪನಿಯ ಆ್ಯಪ್‌ನಿಂದಲೋ ಮಳಿಗೆಯಿಂದಲೋ. ನೀವು ಕೇಳದೆಯೇ 'ಇ-ಸಿಮ್ ಮಾಡಿಕೊಡುತ್ತೇವೆ' ಎಂದು ಕರೆ ಬಂದರೆ ಕತ್ತರಿಸಿ. ಸುತ್ತ ಎಲ್ಲರ ಫೋನಿಗೂ ನೆಟ್‌ವರ್ಕ್ ಇದ್ದು ನಿಮ್ಮದಕ್ಕೆ ಮಾತ್ರ ಹಠಾತ್ತನೆ ಹೋದರೆ, ಬೇರೆ ಫೋನಿನಿಂದ ಕೂಡಲೇ ಕಂಪನಿಗೂ ಬ್ಯಾಂಕಿಗೂ ತಿಳಿಸಿ; ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಸಿಮ್ ಪ್ಲಾಸ್ಟಿಕ್ಕಿನದಾದರೂ ಇದನ್ನೇ ಮಾಡಬೇಕು.